ಕೋಟೆಯ ಮಣ್ಣು ಕಲಿಸುವ ಪಾಠ

ಬೀದರ ನಗರದ ಬಿದ್ರಿ ಕಾರ್ಯಾಗಾರಗಳಲ್ಲಿ ನಡೆಯುವ ಒಂದು ಕೌತುಕವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಸತುವಿಗೆ ಅಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯ ಮೇಲೆ ಕುಶಲಕರ್ಮಿಯು ಉಳಿಯಿಂದ ಚಿತ್ತಾರ ಕೊರೆದು, ಬೆಳ್ಳಿಯ ತಂತಿಯನ್ನು ಅದರೊಳಗೆ ಬಡಿದು ಕೂರಿಸುತ್ತಾನೆ. ಉಜ್ಜಿ ನಯಗೊಳಿಸಿದ ಮೇಲೆ ಬೆಳ್ಳಿ ಎಲ್ಲಿದೆ, ಸತು ಎಲ್ಲಿದೆ ಎಂದು ಗುರುತಿಸುವುದೇ ಕಷ್ಟ. ಆಗ ಬೇಕಾಗುವುದು ಹಳೆಯ ಕೋಟೆಯ ಒಂದು ಹಿಡಿ ಮಣ್ಣು. ನವಸಾಗರದೊಡನೆ ಕಲಸಿದ ಆ ಮಣ್ಣನ್ನು ಬಿಸಿಮಾಡಿದ ಪಾತ್ರೆಗೆ ಸವರಿದರೆ ಸತು ಕಡುಗಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳಗುತ್ತದೆ. ಕೆಲಸ ಮುಗಿದೊಡನೆ ಮಣ್ಣನ್ನು ತೊಳೆದು ಚೆಲ್ಲಿಬಿಡುತ್ತಾರೆ. 2023ರಲ್ಲಿ ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ದೊರೆತು ಈ ಕಲೆಗೆ ಸಲ್ಲಬೇಕಾದ ಗೌರವ ಸಂದಿತು. ಮಣ್ಣು ಮಾತ್ರ ಯಾವ ಗೌರವವನ್ನೂ ಕೇಳಲಿಲ್ಲ. ಆದರೂ ಅದಿಲ್ಲದೆ ಬೆಳ್ಳಿ ಕಣ್ಣಿಗೆ ಬೀಳದು.

ದೀನತೆ ಎಂದರೆ ಇದೇ ಎಂದು ನಾವು ನಂಬುತ್ತೇವೆ. ತನ್ನನ್ನು ತಾನೇ ಹಳಿದುಕೊಳ್ಳುವುದು ದೀನತೆಯಲ್ಲ. ದೇವರು ಕಾಣಿಸಲೆಂದು ತಾನು ಹಿಂದೆ ಸರಿಯುವುದೇ ದೀನತೆ. ಪ್ರಭು ಯೇಸುಕ್ರಿಸ್ತರು ತಮ್ಮ ಬಾಳಿನ ಬಹುಭಾಗವನ್ನು ನಜರೇತಿನ ಬಡಗಿಯ ಮನೆಯಲ್ಲಿ ಯಾರ ಗಮನಕ್ಕೂ ಬಾರದೆ ಕಳೆದರು. ಕಡೆಯ ಭೋಜನದ ರಾತ್ರಿ ಸೊಂಟಕ್ಕೆ ವಸ್ತ್ರ ಬಿಗಿದು ಶಿಷ್ಯರ ಪಾದಗಳನ್ನು ತೊಳೆದರು. ಪ್ರತಿವರ್ಷ ಪವಿತ್ರ ಗುರುವಾರದಂದು ಆ ದೃಶ್ಯವನ್ನು ಭಕ್ತಿಯಿಂದ ನೋಡುತ್ತೇವೆ. ಮನೆಗೆ ಮರಳುವಷ್ಟರಲ್ಲಿ ಮರೆಯುತ್ತೇವೆ.

ಮರೆಯುವವರಲ್ಲಿ ನಾವೂ ಇದ್ದೇವೆ. ಹಬ್ಬದ ಆಮಂತ್ರಣ ಪತ್ರಿಕೆ ಕೈಗೆ ಬಂದಾಗ ನಾವು ಮೊದಲು ಹುಡುಕಿದ್ದು ಪೂಜೆಯ ವೇಳೆಯನ್ನಲ್ಲ, ನಮ್ಮ ಹೆಸರನ್ನು. ಅದು ಕಾಣದಿದ್ದಾಗ ಮನಸ್ಸು ಮುದುಡಿತು. ಒಂದು ಬೆಂಚು ಕೊಟ್ಟರೆ ಅದರ ಬೆನ್ನಿಗೆ ನಮ್ಮ ಹೆಸರು ಬರೆಸುತ್ತೇವೆ. ಮಗುವಿನ ಪ್ರಥಮ ಪರಮಪ್ರಸಾದಕ್ಕೆ ಸಾಲ ಮಾಡಿ ಶಾಮಿಯಾನ ಹಾಕಿಸುತ್ತೇವೆ. ಅಂದು ಮಗುವಿನ ಹೃದಯಕ್ಕೆ ಬಂದ ಅತಿಥಿ ಯಾರು ಎಂಬುದು ಊಟದ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ದೇವಾಲಯದ ಮುಂದಿನ ಸಾಲಿನಲ್ಲಿ ನೌಕರಿಯವರು ಕುಳಿತರೆ, ಔರಾದ ತಾಲ್ಲೂಕಿನ ಹಳ್ಳಿಯಿಂದ ನಸುಕಿನಲ್ಲೇ ಎದ್ದು ಬಸ್ಸು ಹಿಡಿದು ಬಂದ ಕೂಲಿಯವರ ಕುಟುಂಬ ಬಾಗಿಲ ಬಳಿ ನಿಲ್ಲುತ್ತದೆ. ಪ್ರಭು ಹೇಳಿದ ಸಾಮತಿಯಲ್ಲಿ ಫರಿಸಾಯನು ಮುಂದೆ ನಿಂತಿದ್ದನು, ಸುಂಕದವನು ದೂರದಲ್ಲಿದ್ದನು. ದೇವರ ಮೆಚ್ಚುಗೆ ಪಡೆದು ಮನೆಗೆ ಹೋದವನು ಯಾರೆಂದು ನಮಗೆಲ್ಲ ತಿಳಿದಿದೆ.

ಇಲ್ಲೊಂದು ಎಚ್ಚರಿಕೆಯ ಮಾತನ್ನು ಹೇಳದೆ ಇರಲಾಗದು. ತಲೆತಲಾಂತರದಿಂದ ಅನ್ಯರ ತುಳಿತಕ್ಕೆ ಸಿಕ್ಕಿ ಬೆನ್ನು ಬಾಗಿದವರು ನಮ್ಮ ಸಮುದಾಯದಲ್ಲಿದ್ದಾರೆ. ಅವರಿಗೆ ಮತ್ತಷ್ಟು ಬಾಗಿರಿ ಎಂದು ಬೋಧಿಸುವುದು ಶುಭಸಂದೇಶವಲ್ಲ. ಎಲಿಜಬೇತಳ ಮನೆಯಲ್ಲಿ ಮರಿಯಾಮಾತೆ ಹಾಡಿದ ಸ್ತುತಿಯಲ್ಲಿ ಕೆಳಗಿಳಿಯುವವರು ಸಿಂಹಾಸನಗಳಲ್ಲಿ ಕುಳಿತವರೇ ಹೊರತು ನೆಲದ ಮೇಲೆ ಕುಳಿತವರಲ್ಲ. ಹೀಗಾಗಿ ದೀನತೆಯ ಪಾಠವು ಕುರ್ಚಿ, ಓದು, ಸಂಬಳ ಇರುವ ನಮ್ಮಂಥವರಿಗೆ ಮೊದಲು ಅನ್ವಯಿಸಬೇಕು. ನಾವು ಸರಿದು ಜಾಗ ಬಿಟ್ಟಾಗ ಮಾತ್ರ ಹಿಂದೆ ನಿಂತವರು ತಲೆಯೆತ್ತಿ ಮುಂದೆ ಬರುವರು.

ಹೆಸರಿನ ಹಂಬಲವಿಲ್ಲದೆ ದುಡಿದವರ ಆದರ್ಶಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಭಾಲ್ಕಿಯ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಫಲಕದ ಮೇಲೆ ಏನಿತ್ತೆಂಬುದು ಅವರಿಗೆ ಮುಖ್ಯವಾಗಿರಲಿಲ್ಲ; ಒಳಗೆ ನಡೆಯುವ ಕಾಯಕ ಮುಖ್ಯವಾಗಿತ್ತು. ಅನ್ಯಧರ್ಮದ ಹಿರಿಯರಿಂದ ಕಲಿಯುವುದೂ ದೀನತೆಯ ಒಂದು ಅಂಗವೇ ಸರಿ. 2005ರಲ್ಲಿ ಕಲಬುರಗಿ ಧರ್ಮಕ್ಷೇತ್ರ ಸ್ಥಾಪನೆಯಾಗುವ ಮುನ್ನ ನಮ್ಮ ಜಿಲ್ಲೆ ಹೈದರಾಬಾದ್ ಮಹಾಧರ್ಮಕ್ಷೇತ್ರಕ್ಕೆ ಸೇರಿತ್ತು. ಆ ದಿನಗಳಲ್ಲಿ ಹಳ್ಳಿಗಳಿಗೆ ಹೋಗಿ ಜಪ ಕಲಿಸಿದ ಉಪದೇಶಿಗಳ ಹೆಸರು ಇಂದು ಯಾವ ಗೋಡೆಯ ಮೇಲೂ ಕಾಣದಿರಬಹುದು. ಆದರೆ ಅವರು ಕಲಿಸಿದ ಜಪ ಈಗಲೂ ನಮ್ಮ ಮನೆಗಳಲ್ಲಿ ಸಂಜೆ ಕೇಳಿಬರುತ್ತದೆ.

ಆದುದರಿಂದ ನಮ್ಮ ಕುಟುಂಬಗಳ ಮುಂದೆ ಕೆಲವು ಸಣ್ಣ ಸಲಹೆಗಳನ್ನು ಇಡುತ್ತೇವೆ. ಮುಂದಿನ ಕಾಣಿಕೆಯನ್ನು ಹೆಸರಿಲ್ಲದ ಲಕೋಟೆಯಲ್ಲಿ ಕೊಡೋಣ. ಮುಂದಿನ ಸಾಲನ್ನು ದೂರದ ಹಳ್ಳಿಯವರಿಗೆ ಬಿಟ್ಟುಕೊಡೋಣ. ಶಾಮಿಯಾನದ ಖರ್ಚಿನಲ್ಲಿ ಒಂದಂಶವನ್ನು ಬಡ ಮಗುವಿನ ಶಾಲೆಯ ಶುಲ್ಕಕ್ಕೆ ತೆಗೆದಿಡೋಣ. ಮನೆಯಲ್ಲಿ ಜಪಸರ ಹಿಡಿಯುವ ಮುನ್ನ ಅಂದು ನೋಯಿಸಿದವರ ಕ್ಷಮೆ ಕೇಳೋಣ. ಅವರು ಮನೆಗೆಲಸದವರಾಗಿರಲಿ, ಸ್ವಂತ ಮಕ್ಕಳಾಗಿರಲಿ. ಇವೆಲ್ಲ ದೊಡ್ಡ ತಪಸ್ಸುಗಳಲ್ಲ. ಆದರೆ ಇವುಗಳನ್ನು ಮಾಡಹೊರಟಾಗಲೇ ನಮ್ಮ ಅಹಂಕಾರ ಎಷ್ಟು ಆಳಕ್ಕೆ ಬೇರೂರಿದೆ ಎಂಬುದು ನಮಗೆ ತಿಳಿಯುತ್ತದೆ.

ವಿಭೂತಿ ಬುಧವಾರ ನಮ್ಮ ಹಣೆಗೆ ಬೂದಿ ಹಚ್ಚುವಾಗ ಧರ್ಮಸಭೆಯು ನಾವು ಮಣ್ಣೆಂಬುದನ್ನು ನೆನಪಿಸುತ್ತದೆ. ಬೀದರಿನ ಮಕ್ಕಳಾದ ನಮಗೆ ಅದು ಅವಮಾನದ ಮಾತಲ್ಲ. ಮಣ್ಣಿನ ಬೆಲೆಯನ್ನು ನಾವು ಬಲ್ಲೆವು. ಬೆಳ್ಳಿಯಾಗಲು ಹೆಣಗುವುದನ್ನು ಬಿಟ್ಟು, ದೇವರ ಬೆಳಕು ಎದ್ದು ಕಾಣಲು ನೆರವಾಗುವ ಆ ಒಂದು ಹಿಡಿ ಮಣ್ಣಾಗುವ ಕೃಪೆಯನ್ನು ಪ್ರಭು ನಮಗೆಲ್ಲರಿಗೂ ದಯಪಾಲಿಸಲಿ.