ಉಳಿದ ಗಂಟೆ ವಾರ್ಡಿಗೆ ಸಲ್ಲಲಿ

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ವೈದ್ಯಕೀಯ ಕಾಲೇಜುಗಳು ಬಾಗಿಲು ಹಾಕಿದಾಗ ಪಾಠವೆಲ್ಲ ಮೊಬೈಲಿಗೆ ಬಂತು. ಬಾಗಿಲು ತೆರೆದ ಮೇಲೂ ಆನ್‌ಲೈನ್ ಪಾಠ ಪೂರ್ತಿ ಹೋಗಲಿಲ್ಲ. ಹೋಗಬೇಕಾಗಿಯೂ ಇಲ್ಲ. ಆದರೆ ಯಾವ ಪಾಠ ಪರದೆಯ ಮೇಲೆ, ಯಾವುದು ರೋಗಿಯ ಮಗ್ಗುಲಲ್ಲಿ ಎಂದು ಕೇಳುವ ಹಕ್ಕು ನಮಗೂ ಇದೆ. ನಾಳೆ ನಮ್ಮ ನಾಡಿ ಹಿಡಿಯುವವರು ಈ ಹುಡುಗ ಹುಡುಗಿಯರೇ ತಾನೆ?

ಹೃದಯದ ಮರ್ಮರ ಶಬ್ದವನ್ನೇ ತೆಗೆದುಕೊಳ್ಳಿ. ಕವಾಟ ಕಿರಿದಾದ ರೋಗಿಯೊಬ್ಬರು ವಾರ್ಡಿಗೆ ಬಂದರೆ ಇಡೀ ಬ್ಯಾಚು ಸುತ್ತುಗಟ್ಟುತ್ತದೆ. ಏದುಸಿರು ಬಿಡುವ ಆ ಜೀವ ಎಷ್ಟು ಮಂದಿಗೆ ಎದೆಯೊಡ್ಡಬೇಕು? ಅದೇ ಶಬ್ದದ ಧ್ವನಿಮುದ್ರಣವನ್ನು ಹಾಸ್ಟೆಲಿನಲ್ಲಿ ಕಿವಿ ಪಳಗುವವರೆಗೆ ಕೇಳಿ, ಆಮೇಲೆ ಒಮ್ಮೆ ಸ್ಟೆತಾಸ್ಕೋಪ್ ಇಟ್ಟರೆ ಕಲಿಕೆಯೂ ಗಟ್ಟಿ, ರೋಗಿಗೂ ನೆಮ್ಮದಿ. ನರಗಳ ಹಾದಿ, ಔಷಧಗಳ ವರ್ಗೀಕರಣ ಕೂಡ ವಿಡಿಯೊ ನಿಲ್ಲಿಸಿ, ಹಿಂದೆ ಸರಿಸಿ ಕಲಿಯುವಂಥವೇ.

ಊದಿದ ಯಕೃತ್ತಿನ ಅಂಚು ಹಾಗಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು, ರೋಗಿ ಉಸಿರೆಳೆದುಕೊಂಡಾಗ ಮಾತ್ರ ಅದು ಬೆರಳಿಗೆ ಸಿಗುತ್ತದೆ. ನೋಡಬೇಕು, ಮುಟ್ಟಬೇಕು, ತಟ್ಟಬೇಕು, ಆಲಿಸಬೇಕು. ಇವುಗಳಲ್ಲಿ ನಡುವಿನ ಎರಡು ಪರದೆಗೆ ದಕ್ಕುವುದಿಲ್ಲ. ಕೋವಿಡ್, ಯುದ್ಧಗಳಿಂದ ವಿದೇಶದ ಕೊನೆಯ ವರ್ಷವನ್ನು ಊರಿಗೆ ಮರಳಿ ಆನ್‌ಲೈನಿನಲ್ಲೇ ಮುಗಿಸಿದ ನಮ್ಮ ವಿದ್ಯಾರ್ಥಿಗಳಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಒಂದರ ಬದಲು ಎರಡು ವರ್ಷದ ಇಂಟರ್ನ್‌ಶಿಪ್ ವಿಧಿಸಿತು. ಆ ಮಕ್ಕಳಿಗೆ ಕಷ್ಟವಾಯಿತು, ನಿಜ. ಆದರೂ ತೀರ್ಮಾನ ಸರಿಯೆಂದೇ ನನ್ನ ನಂಬಿಕೆ.

ಎಂಬಿಬಿಎಸ್‌ಗೆ 2019ರಲ್ಲಿ ಬಂದ ಹೊಸ ಪಠ್ಯಕ್ರಮವೂ ಬರೀ ಉಪನ್ಯಾಸ ಒಟ್ಟು ಅವಧಿಯ ಮೂರನೇ ಒಂದು ಭಾಗ ಮೀರಕೂಡದು ಎಂದಿತು. ಹಾಜರಿಯಲ್ಲೂ ಥಿಯರಿಗೆ ಶೇ 75, ಪ್ರಾಕ್ಟಿಕಲ್‌ಗೆ ಶೇ 80. ಒಲವು ಯಾವ ಕಡೆಗೆಂಬುದು ಅಂಕಿಯಲ್ಲೇ ಕಾಣುತ್ತದೆ.

ನನ್ನ ಭಯ ಬೇರೆ. ಒಮ್ಮೆ ರೆಕಾರ್ಡ್ ಮಾಡಿದ ಪಾಠವನ್ನೇ ವರ್ಷವರ್ಷವೂ ಹಾಕಿ, ಖಾಲಿ ಹುದ್ದೆಯನ್ನು ಖಾಲಿಯೇ ಬಿಡುವುದು ಆಡಳಿತ ಮಂಡಳಿಗಳಿಗೆ ಬಲು ಸುಲಭ. ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆಗಳಂಥ ಕಡೆ ರೋಗಿಗಳಿಗೆ ಬರವಿಲ್ಲ; ಹಾಸಿಗೆಯ ಪಕ್ಕ ನಿಂತು, ವಿದ್ಯಾರ್ಥಿಯ ಕೈ ಹಿಡಿದು ತಿದ್ದುವ ಶಿಕ್ಷಕರ ಹೊತ್ತು ಬೇಕು. ಆದ್ದರಿಂದ ಉಪನ್ಯಾಸವೊಂದನ್ನು ವಿಡಿಯೊಗೆ ಸರಿಸಿದ ಕಾಲೇಜು, ಉಳಿದ ಆ ಗಂಟೆ ಯಾವ ವಾರ್ಡಿಗೆ, ಯಾವ ಶಿಕ್ಷಕರ ಜೊತೆ ಹೋಯಿತೆಂದು ವೇಳಾಪಟ್ಟಿಯಲ್ಲಿ ಬರೆಯಲಿ. ತಪಾಸಣೆಗೆ ಬರುವವರು ಮೊದಲು ಆ ಪಟ್ಟಿಯನ್ನು ಕೇಳಲಿ.