ಆ ರಂಗೋಲಿಗೆ ನಾ ಯಾಕ ಮೊದಲ ನಂಬರ್ ಕೊಟ್ಟೆ

ದೀಪಾವಳಿ ಪಾಡ್ಯಾದ ದಿನ ನಮ್ಮ ಓಣ್ಯಾಗ ರಂಗೋಲಿ ಸ್ಪರ್ಧಾ ಇಟ್ಟಿದ್ರು. ನಂಬರ್ ಕೊಡಲಿಕ್ಕೆ ನನ್ನ ಕರದ್ರು. ನನಗ ಭಾಳ ತಿಳೀತದ ಅಂತಲ್ಲ, ತಲಿ ಬೆಳ್ಳಗಾಗೇದ, ಈಕಿ ಹೇಳಿದ್ರ ಯಾರೂ ಎದುರಾಡೂದಿಲ್ಲ ಅಂತ. ಎದುರಾಡಿದ್ರು! ಅವತ್ತಿಂದ ನಮ್ಮ ಎದುರು ಮನಿ ವೈನಿ ನನ್ನ ಜೋಡಿ ನೆಟ್ಟಗ ಮಾತಾಡವಲ್ಲರು. ಹೆಪ್ಪಿಗೆ ಮೊಸರು ಬೇಕಾದ್ರೂ ಮಗನ್ನ ಕಳಸ್ತಾರ. ಅದಕ್ಕ ಎಲ್ಲಾರಿಗೂ ಒಮ್ಮೆ ಬರದೇ ಹೇಳಿಬಿಡೋಣ ಅಂತ ಕೂತೇನಿ.

ವೈನಿ ಹಾಕಿದ್ದು ನವಿಲು. ಆರು ಫೂಟಿಂದು. ಜರಡಿಲೆ ಬಣ್ಣ ಸುರುವಿ, ಗರಿಗೆ ಪ್ಲಾಸ್ಟಿಕ್ ಅಚ್ಚು ಒತ್ತಿ, ಮೂರು ತಾಸು ಬಗ್ಗಿ ಮಾಡಿದ್ರು. ಛಂದ ಇರಲಿಲ್ಲ ಅಂದ್ರ ನಾ ಸುಳ್ಳು ಹೇಳಿದಂಗ. ನಾ ಮೊದಲ ನಂಬರ್ ಕೊಟ್ಟಿದ್ದು ಮೂಲಿ ಮನಿಯ ಬ್ಯಾಂಕಿಗೆ ಹೋಗೋ ಹುಡುಗಿಗೆ. ಆಕಿದು ಸಂದು ಚುಕ್ಕಿ, 7ರಿಂದ 4. ಅಂದ್ರ 4, 5, 6, 7, ಮತ್ತ 6, 5, 4, ಒಟ್ಟು 37 ಚುಕ್ಕಿ. ಬರೇ ಬಿಳಿ ಪುಡಿ. ಒಂದು ಕಡೆ ಗೆರಿ ನಡುಗಿದ್ದು ದೂರದಿಂದನೂ ಕಾಣ್ತಿತ್ತು.

ನಾ ಸ್ವಲ್ಪ ಲಗೂನ ಹೋಗಿದ್ದೆ, ಅದ ಆತು ನೋಡ್ರಿ. ಬ್ಯಾರೆಯವರು ಮುಗದ ರಂಗೋಲಿ ನೋಡಿದ್ರು, ನಾ ಹಾಕೂದು ನೋಡಿದೆ. ಆ ಹುಡುಗಿ ನಡುವಿನ ಸಾಲಿನ್ಯಾಗ 7ರ ಬದಲಿ 6 ಚುಕ್ಕಿ ಇಟ್ಟಿದ್ಲು. ಎಸಳು ಎಳೀಲಿಕತ್ತಾಗ ಒಂದು ಕಡೆ ಹೂವು ಕೂಡವಲ್ಲದು. ಸಂದು ಚುಕ್ಕಿಯೊಳಗ ನಡುವಿನ ಚುಕ್ಕಿ ಸುತ್ತ ಆರು ಚುಕ್ಕಿ ಬರಬೇಕು, ಆಕಿಗೆ ಐದ ಬಂದಿದ್ವು. ಕುಕ್ಕರಗಾಲಿಲೆ ಕೂತು ನೋಡೇ ನೋಡಿದ್ಲು. ಯಾರನ್ನೂ ಕೇಳಲಿಲ್ಲ. ಆಮ್ಯಾಲ ಒದ್ದಿ ಅರಬಿಲೆ ಎರಡು ಸಾಲು ಒರಸಿ, ನೆಲ ಆರೂತನಕ ಕಾದು ಮತ್ತ ಇಟ್ಲು. ಅಲ್ಲೇ ಗೆರಿ ನಡುಗಿದ್ದು. ವೈನಿ ಒಂದು ಕೈಯಾಗ ಫೋನ್ ಹಿಡದಿದ್ರು. ಫೋನಿನ್ಯಾಗಿನ ನವಿಲು ನೋಡೋರು, ಒತ್ತೋರು, ಮತ್ತ ಫೋನ್ ನೋಡೋರು. ಕೆಳಗಿನ ನವಿಲು ಅವರು ನೋಡಿದ್ದು ಕಡೀಕ, ಫೋಟೋ ತಗಿಯೋವಾಗ.

ವೈನಿ, ಸಿಟ್ಟಾಗಬ್ಯಾಡ್ರಿ, ನಿಮ್ಮಷ್ಟ ತಪ್ಪು ನಂದೂ ಅದ. ಮೂರು ವರ್ಷದಿಂದ ನಾನೂ ಫೋನ್ ನೋಡೇ ಹಾಕತೇನಿ. ಮೊನ್ನೆ ಕೂತು ನೆನಸಿಕೊಂಡೆ. ಮೂರು ವರ್ಷದಾಗ ಏನಿಲ್ಲಂದ್ರೂ ಸಾವಿರ ಸಲ ಹಾಕೇನಿ, ಒಂದೂ ಕೈಯಾಗ ಉಳದಿಲ್ಲ. ಫೋನ್ ಚಾರ್ಜ್ ಇಲ್ಲದ ದಿನ ಮತ್ತ ನಮ್ಮತ್ತಿಯವರು ಕಲಿಸಿದ್ದ ಹಾಕತೇನಿ, 1992ರಾಗ ಮದುವಿಯಾಗಿ ಬಂದ ಹೊಸದ್ರಾಗ ಕಲತದ್ದು.

ಅತ್ತಿಯವರು ಅಚ್ಚು ಮುಟ್ಟತಿದ್ದಿಲ್ಲ ಅಂತ ತಿಳೀಬ್ಯಾಡ್ರಿ. ಅವರ ಹತ್ರ ತೂತಿನ ಹಿತ್ತಾಳಿ ಕೊಳವಿ ಇತ್ತು. ಪುಡಿ ತುಂಬಿ ಉರುಳಿಸಿದ್ರ ಬಳ್ಳಿ ಬೀಳತಿತ್ತು. ಶ್ರಾವಣದಾಗ ಪಡಸಾಲಿ ಅಂಚಿಗೆ ಅದ. "ಇಷ್ಟುದ್ದ ಯಾರು ಎಳೀಬೇಕವಾ, ಹೋಳಿಗಿ ಯಾರು ಮಾಡ್ಬೇಕು?" ಅಂತಿದ್ರು. ಆದ್ರ ತುಳಸಿಕಟ್ಟಿ ಮುಂದ ಕೊಳವಿ ಬರತಿದ್ದಿಲ್ಲ. ಅಲ್ಲಿ ಬಟ್ಟಿಲೇ ಆಗಬೇಕು. ಚಾತುರ್ಮಾಸದಾಗ 33 ಗೋಪದ್ಮ, ಒಂದೊಂದೂ ಕೈಲೇ. ಬಜಾರದಾಗ ಅದಕ್ಕೂ ಅಚ್ಚು ಸಿಗ್ತಾವ, ತಂದುಕೊಟ್ಟೆ. ನಾಗೊಂದಿಗಿ ಮ್ಯಾಲ ಇಟ್ಟುಬಿಟ್ರು.

ಬಟ್ಟು ಏನ್ ಮಾಡ್ತದ ಅನ್ನೂದು ನನಗ ಭಾಳ ದಿನದ ಮ್ಯಾಲ ತಿಳೀತು. ತೋರಬಟ್ಟಿನ ಮ್ಯಾಲ ಹೆಬ್ಬಟ್ಟು ಸರದಷ್ಟ ಪುಡಿ ಬೀಳತದ. ಕೈ ನಿಂತ್ರ ಅಲ್ಲೇ ಗುಡ್ಡಿ. ಕೈ ಓಡಿದ್ರ ಗೆರಿ ಹರೀತದ. ಒಲಿ ಮ್ಯಾಲಿನ ಹಾಲು ನೆನಪಾದ್ರ ಆ ಜಾಗಾದಾಗ ಗೆರಿ ದಪ್ಪ. ಮನಸ್ಸು ಎಲ್ಲಿ ಹೋಗಿತ್ತು ಅನ್ನೂದು ನೆಲದ ಮ್ಯಾಲ ಬರದಿರತದ. ಅತ್ತಿಯವರು ನನ್ನ ರಂಗೋಲಿ ನೋಡಿ, "ಇಲ್ಲಿ ತವರುಮನಿಗೆ ಹೋಗಿದ್ದೇನ?" ಅಂತ ಕೇಳತಿದ್ರು. ಖರೇನೂ ಹೋಗಿರತಿದ್ದೆ.

ಪುಡಿನೂ ಹಂಗ. ಭಾಳ ಸಣ್ಣಾತು ಅಂದ್ರ ಬೆವತ ಬಟ್ಟಿಗೆ ಹತ್ತತದ, ದಪ್ಪಾತು ಅಂದ್ರ ಬಿಟ್ಟು ಬಿಟ್ಟು ಬೀಳತದ. ಸ್ವಲ್ಪ ಸಣ್ಣ ಉಸುಕು ಕೂಡಸಿದ್ರ ಛೊಲೊ ಹರೀತದ. ನೆಲಾನೂ ನೋಡಬೇಕು. ಶಗಣಿ ಸಾರಿಸಿದ ನೆಲ ಅರ್ಧ ಆರಿದಾಗ ಪುಡಿ ಹಿಡಕೋತದ, ಈಗಿನ ನುಣ್ಣನ ಫರಸಿ ಮ್ಯಾಲ ಗಾಳಿ ಬಂದ್ರ ಹೋತು. ಸ್ಟಿಕರ್ ಹಚ್ಚಿದ್ರ ಇದ್ಯಾವುದೂ ನೋಡೋ ಕೆಲಸಾನ ಇಲ್ಲ. ನನ್ನ ತಕರಾರು ಅಷ್ಟ. ಅಚ್ಚು ತಪ್ಪಲ್ಲ, ಫೋನೂ ತಪ್ಪಲ್ಲ, ನಾವು ನೋಡೂದು ಬಿಟ್ಟಿದ್ದು ತಪ್ಪು.

ಹೊಸಾದು ಅನ್ನೂದು ಎಲ್ಲಿಂದ ಬರತದ? ನಮ್ಮ ಮನ್ಯಾಗ ಒಂದು ರಂಗೋಲಿ ಅದ, ಅದಕ್ಕ "ತಪ್ಪಿದ ಕಮಲ" ಅಂತೇವಿ. ಅತ್ತಿಯವರು ಒಮ್ಮೆ ಗಡಿಬಿಡ್ಯಾಗ ಒಂದು ಚುಕ್ಕಿ ಹೆಚ್ಚಿಗೆ ಇಟ್ರು. ಒರಸಲಿಕ್ಕೆ ಹ್ವಾದೋರು ಹಂಗ ನಿಂತು ನೋಡಿ, ಆ ಚುಕ್ಕಿಯಿಂದ ಕಮಲಕ್ಕ ಒಂದು ಬಾಗಿದ ದಂಟು ಎಳದ್ರು. ನನ್ನ ನಾದಿನಿಯರು ಮೂರೂ ಮಂದಿ ಅವರವರ ಮನ್ಯಾಗ ಇವತ್ತಿಗೂ ಅದನ್ನ ಹಾಕತಾರ. ಅಚ್ಚಿನ್ಯಾಗ ಚುಕ್ಕಿ ಹೆಚ್ಚು ಬೀಳೂದಿಲ್ಲ, ದಂಟೂ ಹುಟ್ಟೂದಿಲ್ಲ. ನನ್ನ ಮಗ ಹೇಳಿದಾ, ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಅನ್ನೋರು 1970ರ ದಶಕದಾಗ ತಮಿಳು ಹೆಣ್ಣುಮಕ್ಕಳ ಕೋಲಂ ಹಿಡಕೊಂಡು ಗಣಿತದ ಅಭ್ಯಾಸ ಮಾಡಿದ್ರಂತ. ಅವರು ನಮ್ಮ ಅತ್ತಿಯವರ ದಂಟಿಗೆ ಏನಂತಿದ್ರೋ!

ಕಡೀ ಎರಡು ವರ್ಷ ಅತ್ತಿಯವರಿಗೆ ಮೋತಿಬಿಂದು ಬಂದು ಮಬ್ಬು ಕಾಣತಿತ್ತು. ಆಪರೇಷನ್ ಬ್ಯಾಡ ಅಂದ್ರು, ಹೆದರಿಕಿ. ಆದ್ರೂ ತುಳಸಿ ಮುಂದ ಬಿಡಲಿಲ್ಲ. ಎಡಗೈ ನಾಕು ಬಟ್ಟು ನೆಲದ ಮ್ಯಾಲಿಟ್ಟು ಅಳತಿ ಮಾಡಿ ಒಂದು ಚುಕ್ಕಿ, ಮತ್ತ ನಾಕು ಬಟ್ಟು, ಮತ್ತೊಂದು. ಕಣ್ಣು ಇದ್ದ ನಾನು ಅಡಗಿ ಮನಿ ಕಿಡಕ್ಯಾಗಿಂದ ನೋಡತಿದ್ದೆ. ಗೆರಿ ಒಂದೂ ತಪ್ಪತಿದ್ದಿಲ್ಲ ಅಂತ ಹೇಳಲಾರೆ, ತಪ್ಪತಿದ್ವು. ಆದ್ರ ಅವರು ಅಲ್ಲೇ ಇರತಿದ್ರು, ಪೂರ್ತಿ.

ಆ ಹುಡುಗಿ ಒದ್ದಿ ಅರಬಿ ಹಿಡಕೊಂಡು ಕೂತಾಗ ನನಗ ಅವರ ನೆನಪಾತು. ಅದಕ್ಕ ನಂಬರ್ ಕೊಟ್ಟೆ.

ಒಂದು ಮಾತು ಒಪ್ಪಗೋತೇನಿ. ಸ್ಪರ್ಧಾದ ಚೀಟ್ಯಾಗ "ಕೈಲೇ ಹಾಕಬೇಕು" ಅಂತ ಬರದಿದ್ದಿಲ್ಲ. ಹೇಳದ ನಿಯಮ ನಾ ಆಮ್ಯಾಲ ಹಚ್ಚಿದಂಗಾತು. ಮೂರು ತಾಸು ನಡ ಬಗ್ಗಿಸಿದೋರಿಗೆ ಸಿಟ್ಟು ಬರೂದು ಸಹಜ. ಮುಂದಿನ ವರ್ಷ ಅಚ್ಚಿಂದ ಬ್ಯಾರೆ, ಕೈದು ಬ್ಯಾರೆ ಇಡ್ರಿ ಅಂತ ಹೇಳೇನಿ. ನಂಬರ್ ಮಾತ್ರ ಹಿಂದ ತಗೊಳ್ಳೂದಿಲ್ಲ.

ವೈನಿ, ನಾಡಿದ್ದು ತುಳಸಿ ಲಗ್ನ. ಸಂಜೀಗೆ ನಿಮ್ಮ ಅಂಗಳಕ್ಕ ನಾ ಬರತೇನಿ, ನೀವು ಕರೀಲಿಲ್ಲಂದ್ರೂ. 37 ಚುಕ್ಕಿ ನಾ ಇಡತೇನಿ, ಗೆರಿ ನೀವು ಎಳೀರಿ. ಇಬ್ಬರ ಫೋನೂ ಒಳಗ ಫ್ರಿಜ್ ಮ್ಯಾಲ ಇರಲಿ. ಮತ್ತ ಹೆಪ್ಪಿಗೆ ಮೊಸರು ನಾನ ತರತೇನಿ, ಮಗನ್ನ ಕಳಸಬ್ಯಾಡ್ರಿ.