ಪರಿಮಳವೇನೋ ಇದೆ, ಹೆಸರೆಲ್ಲಿ?

ಆಷಾಢದಲ್ಲಿ ನಡೆಯುವ ಚಾಮರಾಜೇಶ್ವರನ ತೇರೆಂದರೆ ಹೊಸ ದಂಪತಿಗಳ ತೇರು. ತವರಿಗೆ ಹೋದ ಮದುಮಗಳೂ ಅವಳ ಗಂಡನೂ ಅಂದು ಚಾಮರಾಜನಗರದಲ್ಲಿ ಜೊತೆಯಾಗಿ ತೇರಿಗೆ ಹಣ್ಣು-ಧವನ ಎಸೆಯುತ್ತಾರೆ. ಎರಡು ವರ್ಷದ ಹಿಂದೆ ತೇರು ಮುಗಿದ ವಾರ, ಗುಂಡ್ಲುಪೇಟೆ ಕಡೆಯ ಹಳ್ಳಿಯ ಅತ್ತೆಯೊಬ್ಬರು ಸೊಸೆಯನ್ನು ನನ್ನ ಬಳಿಗೆ ಕರೆತಂದರು.

"ಮದುವೇಲಿ ಲಕ್ಷಣವಾಗಿದ್ಲು ಡಾಕ್ಟ್ರೇ. ನಮ್ಮೂರ ನೀರು ಹಿಡಿಸ್ನಿಲ್ಲ, ಮುಖ ಹೆಂಗಾಯ್ತು ನೋಡಿ" ಎಂದರು.

ಹುಡುಗಿಯ ಹಣೆ, ಕೆನ್ನೆ, ಕಿವಿಯ ಸುತ್ತ ಬೂದಿ ಮಿಶ್ರಿತ ಕಪ್ಪು ಹರಡಿತ್ತು. ತೇರಿನಲ್ಲಿ ಕಂಡವರೆಲ್ಲ ಅದನ್ನೇ ಕೇಳಿದ್ದರಂತೆ. ಅವಳು ತಲೆ ಎತ್ತಲಿಲ್ಲ. ನಿಜ ಹೇಳಬೇಕೆಂದರೆ ಆ ದಿನ ನಾನೂ ಅವಸರದಲ್ಲಿ ಒಂದು ಮುಲಾಮು ಬರೆದುಕೊಟ್ಟು ಕಳುಹಿಸಿದೆ. ತಿಂಗಳ ನಂತರ ಕಪ್ಪು ಇನ್ನೂ ಗಾಢವಾಗಿತ್ತು. ಆಗ, ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ: "ಮುಖಕ್ಕೆ, ತಲೆಗೆ ಏನೇನು ಹಚ್ಚುತ್ತೀಯಮ್ಮ? ಎಲ್ಲವನ್ನೂ ತೆಗೆದುಕೊಂಡು ಬಾ."

ಮರುದಿನ ಚೀಲದಿಂದ ಹೊರಬಂದವು ಆರು: ಎರಡು ಬಗೆಯ ತಲೆಗೆಣ್ಣೆ, ಶಾಂಪೂ, ಕ್ರೀಂ, ಪೌಡರ್, ಸೆಂಟು. ಹೆಚ್ಚಿನವು ಮದುವೆಯ ಉಡುಗೊರೆಗಳು. ಎಲ್ಲವನ್ನೂ ನಿಲ್ಲಿಸಿ ಮೈಸೂರಿನ ಚರ್ಮರೋಗ ತಜ್ಞರ ಬಳಿ ಕಳುಹಿಸಿದೆ. ಅವರು ಪ್ಯಾಚ್ ಪರೀಕ್ಷೆ ಮಾಡಿದರು. ಶಂಕಿತ ವಸ್ತುಗಳನ್ನು ಸಣ್ಣ ಪಟ್ಟಿಗಳಲ್ಲಿ ಬೆನ್ನಿಗೆ ಅಂಟಿಸಿ, 48 ಗಂಟೆಗಳ ಬಳಿಕ ತೆಗೆದು ನೋಡಿ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುವ ಪರೀಕ್ಷೆ ಅದು. ಉತ್ತರ ಸಿಕ್ಕಿತು. ಅವಳಿಗೆ ಒಗ್ಗದ ವಸ್ತು ಬೆಂಜೈಲ್ ಸ್ಯಾಲಿಸಿಲೇಟ್, ಹೂವಿನ ಪರಿಮಳಕ್ಕಾಗಿ ಬಳಸುವ ಒಂದು ರಾಸಾಯನಿಕ. ಊರಿನ ನೀರಿನ ತಪ್ಪೇನೂ ಇರಲಿಲ್ಲ.

ತೊಡಕು ಶುರುವಾದದ್ದು ಇಲ್ಲಿಂದ. ಚೀಟಿಯಲ್ಲಿ ವೈರಿಯ ಹೆಸರು ಸಿಕ್ಕಿತು. ಆದರೆ ಆ ಆರರಲ್ಲಿ ಒಂದರ ಮೇಲೂ ಆ ಹೆಸರಿಲ್ಲ. ಎಲ್ಲದರ ಮೇಲೂ ಇದ್ದದ್ದು 'ಪರ್ಫ್ಯೂಮ್' ಎಂಬ ಒಂದೇ ಪದ. ಆ ಒಂದು ಪದದ ಹಿಂದೆ ಹತ್ತಾರು ವಸ್ತುಗಳಿರಬಹುದು. ಅವಳು ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು?

ಇದು ಹೊಸ ಕಾಯಿಲೆಯಲ್ಲ. 1970ರ ದಶಕದಲ್ಲಿ ಜಪಾನಿನ ಅನೇಕ ಹೆಂಗಸರ ಮುಖ ಹೀಗೆಯೇ ಕಪ್ಪಿಟ್ಟಿತ್ತು. ಅಲ್ಲಿನ ವೈದ್ಯರು ಹುಡುಕಿದಾಗ ಸಿಕ್ಕಿದ್ದು ಪ್ರಸಾಧನಗಳಲ್ಲಿದ್ದ ಕೆಲವು ಬಣ್ಣಗಳು ಮತ್ತು ಬೆಂಜೈಲ್ ಸ್ಯಾಲಿಸಿಲೇಟ್‌ನಂತಹ ಪರಿಮಳ ವಸ್ತುಗಳು. 1977ರಿಂದ ದೊಡ್ಡ ಕಂಪನಿಗಳು ಅವನ್ನು ಕೈಬಿಡುತ್ತಾ ಬಂದಂತೆ ಕಾಯಿಲೆಯೂ ಇಳಿಯಿತು. ನಮ್ಮಂತಹ ಕಂದು ಮೈಬಣ್ಣದವರಲ್ಲಿ ಈ ಅಲರ್ಜಿ ಕೆಲವೊಮ್ಮೆ ಗುಳ್ಳೆ, ತುರಿಕೆಗಳಿಲ್ಲದೆ ಬರೀ ಕಪ್ಪಾಗಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಅಲರ್ಜಿ ಎಂದು ಯಾರಿಗೂ ಹೊಳೆಯುವುದಿಲ್ಲ. ತಲೆಗೆ ಹಚ್ಚಿದ ಎಣ್ಣೆ ಬೆವರಿನೊಡನೆ ಹಣೆ, ಕಿವಿ, ಕತ್ತಿಗೆ ಇಳಿಯುತ್ತದೆಂಬುದನ್ನೂ ಮರೆಯುತ್ತೇವೆ.

ಹೊಲದಲ್ಲಿ ದುಡಿಯುವವರ ವಿಷಯದಲ್ಲಿ ಇನ್ನೊಂದು ಮಾತು. ಪಾರ್ಥೇನಿಯಂ ಕಳೆಯ ಅಲರ್ಜಿಯೂ ಮುಖ, ಕಣ್ಣರೆಪ್ಪೆ, ಕತ್ತನ್ನೇ ಹಿಡಿಯುತ್ತದೆ. ಆದರೆ ಅದು ಸಾಮಾನ್ಯವಾಗಿ ಮೊಣಕೈ ಒಳಮಡಿಕೆಗಳಲ್ಲೂ ಕಂಡು ವಿಪರೀತ ತುರಿಸುತ್ತದೆ. ಯಾವುದು ಯಾವುದೆಂದು ವೈದ್ಯರೇ ನೋಡಿ ಹೇಳಬೇಕು.

"ನಾವು ಬಳಸುವುದು ನ್ಯಾಚುರಲ್" ಎಂದು ನೀವು ಹೇಳಬಹುದು. ಮುಡಿಯುವ ಮಲ್ಲಿಗೆಯೇ ಬೇರೆ, ಬಾಟಲಿಯ ಮಲ್ಲಿಗೆಯೇ ಬೇರೆ. ರಾಶಿ ಹೂವಿನ ಸಾರವನ್ನು ಕೆಲವೇ ಹನಿಗಳಿಗೆ ಇಳಿಸಿದಾಗ ಅದೂ ಚರ್ಮವನ್ನು ಕೆರಳಿಸಬಲ್ಲದು. ಲವಂಗದ ಯೂಜಿನಾಲ್, ದಾಲ್ಚಿನ್ನಿಯ ಸಿನ್ನಮಾಲ್ ಗಿಡದಿಂದ ಬಂದವೇ, ಅಲರ್ಜಿ ಪಟ್ಟಿಯಲ್ಲಿರುವವೂ ಹೌದು. ಕಿತ್ತಳೆ ಸಿಪ್ಪೆಯಲ್ಲಿರುವ ಲಿಮೋನೀನ್ ಗಾಳಿಗೆ ತೆರೆದುಕೊಂಡು ಹಳತಾದಷ್ಟೂ ಅದರ ಕೆಡುಕು ಹೆಚ್ಚು.

ಪರಿಮಳವೆಲ್ಲ ವಿಷ ಎಂದು ನಾನು ಹೇಳುತ್ತಿಲ್ಲ. ಬಹಳ ಜನರಿಗೆ ಇವು ಏನೂ ಮಾಡುವುದಿಲ್ಲ. "ಕೆಲವರಿಗೆ ಒಗ್ಗದಿದ್ದರೆ ಎಲ್ಲರೂ ಏಕೆ ಯೋಚಿಸಬೇಕು?" ಎಂಬುದು ನ್ಯಾಯವಾದ ಪ್ರಶ್ನೆಯೇ. ಆದರೆ ಈ ಅಲರ್ಜಿ ಒಮ್ಮೆ ಅಂಟಿಕೊಂಡರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಅದಕ್ಕಿರುವ ನಿಜವಾದ ಮದ್ದು ಆ ವಸ್ತುವಿನಿಂದ ದೂರ ಇರುವುದೊಂದೇ. ಹೆಸರೇ ತಿಳಿಯದೆ ದೂರ ಇರುವುದು ಹೇಗೆ?

ಯುರೋಪಿನಲ್ಲಿ 2005ರಿಂದ ಇಂತಹ 26 ವಸ್ತುಗಳನ್ನು, ಹಚ್ಚಿ ಬಿಡುವ ಪ್ರಸಾಧನದಲ್ಲಿ ಶೇ. 0.001ಕ್ಕಿಂತ ಹೆಚ್ಚಿದ್ದರೆ, ಹೆಸರಿಸಿ ಅಚ್ಚು ಮಾಡಬೇಕು. 2023ರಲ್ಲಿ ಈ ಪಟ್ಟಿಯನ್ನು 80ಕ್ಕೂ ಮೇಲೆ ಹಿಗ್ಗಿಸಿದ್ದಾರೆ. ಸಂತಾನಶಕ್ತಿಗೆ ಹಾನಿಯಾಗಬಹುದೆಂಬ ಕಾರಣಕ್ಕೆ ಲಿಲಿಯಾಲ್ ಎಂಬ ಪರಿಮಳ ವಸ್ತುವನ್ನು 2022ರ ಮಾರ್ಚ್ 1ರಿಂದ ಪ್ರಸಾಧನಗಳಲ್ಲಿ ನಿಷೇಧಿಸಿದ್ದಾರೆ. ನಮ್ಮಲ್ಲೂ 2020ರ ಸೌಂದರ್ಯವರ್ಧಕ ನಿಯಮಗಳಂತೆ ಪದಾರ್ಥಗಳ ಪಟ್ಟಿ ಇರಬೇಕು. ಆದರೆ 'ಪರ್ಫ್ಯೂಮ್' ಎಂದು ಬರೆದು ಕೈತೊಳೆದುಕೊಳ್ಳುವ ಬಾಟಲಿಗಳು ಅಂಗಡಿಯಲ್ಲಿ ಬೇಕಾದಷ್ಟಿವೆ. ಸಂತೆಗಳಲ್ಲಿ ಬಿಡಿಯಾಗಿ ಮಾರುವ ಸೆಂಟಿಗಂತೂ ಚೀಟಿಯೇ ಇರುವುದಿಲ್ಲ. ಅಳತೆಯ ಗುಟ್ಟನ್ನು ಕಂಪನಿಗಳು ಇಟ್ಟುಕೊಳ್ಳಲಿ. ಒಗ್ಗದಿರಬಹುದಾದ ವಸ್ತುಗಳ ಹೆಸರನ್ನಾದರೂ ಹೇಳಲಿ. ಕೆಲವು ಕಂಪನಿಗಳು ಹೇಳುತ್ತಿವೆ, ಉಳಿದವರಿಗೇಕೆ ಆಗದು? ಇದನ್ನು ಸರ್ಕಾರ ಕಟ್ಟುನಿಟ್ಟಾಗಿ ನೋಡಿಕೊಳ್ಳಬೇಕು, ನಾವೂ ಕೇಳಬೇಕು.

ಅಲ್ಲಿಯವರೆಗೆ ಮನೆಯಲ್ಲಿ ನೀವು ಮಾಡಬಹುದಾದದ್ದು:

1. ಹೊಸ ಕ್ರೀಂ ಅಥವಾ ಎಣ್ಣೆಯನ್ನು ಮೊದಲು ಮೊಣಕೈ ಒಳಭಾಗದಲ್ಲಿ ದಿನಕ್ಕೆರಡು ಬಾರಿ, ಒಂದು ವಾರ ಹಚ್ಚಿ ನೋಡಿ. ಕೆಂಪಾದರೆ, ತುರಿಸಿದರೆ ಬಿಟ್ಟುಬಿಡಿ.

2. ತೊಳೆದು ಹೋಗುವ ಸೋಪು, ಶಾಂಪೂಗಿಂತ ಚರ್ಮದ ಮೇಲೆಯೇ ಉಳಿಯುವ ಎಣ್ಣೆ, ಕ್ರೀಂ, ಸೆಂಟುಗಳ ಬಗ್ಗೆ ಹೆಚ್ಚು ಎಚ್ಚರವಿರಲಿ. ಸೆಂಟನ್ನು ಕತ್ತಿಗೆ ಹಾಕದೆ ಬಟ್ಟೆಗೆ ಹಾಕಿ.

3. 'ಅನ್‌ಸೆಂಟೆಡ್' ಎಂದಿದ್ದರೆ ಸಾಲದು. ವಾಸನೆ ಮುಚ್ಚಲು ಬೇರೊಂದು ಪರಿಮಳ ಬೆರೆಸಿರಬಹುದು. 'ಫ್ರಾಗ್ರೆನ್ಸ್ ಫ್ರೀ' ಎಂದಿದೆಯೇ ನೋಡಿ.

4. ಹಸುಗೂಸುಗಳಿಗೆ ಪರಿಮಳದ ಪೌಡರ್, ಎಣ್ಣೆ ಬೇಡ. ಆಸ್ತಮಾ ಇರುವವರ ಎದುರು ಸೆಂಟು ಸಿಂಪಡಿಸಬೇಡಿ.

5. ಮುಖ ಕಪ್ಪಾದರೆ ಔಷಧದ ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಮುಲಾಮು ಹಚ್ಚಬೇಡಿ. ಚರ್ಮ ತೆಳುವಾಗಿ ಇನ್ನಷ್ಟು ಕೆಡುತ್ತದೆ. ಬಳಸುವ ಬಾಟಲಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ವೈದ್ಯರ ಬಳಿ ಹೋಗಿ.

ಆ ಹುಡುಗಿ ಈಗ ತಲೆಗೆ ಗಾಣದ ಕೊಬ್ಬರಿ ಎಣ್ಣೆ ಬಿಟ್ಟು ಬೇರೇನೂ ಹಚ್ಚುವುದಿಲ್ಲ. ಕಪ್ಪು ತಿಳಿಯಾಗಲು ವರ್ಷವೇ ಹಿಡಿಯಿತು. ಮರುವರ್ಷದ ತೇರು ಕಳೆದ ಮೇಲೆ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಅತ್ತೆ ನೀರಿನ ಮಾತು ಎತ್ತಲಿಲ್ಲ. ಚೀಲದಿಂದ ಮಗುವಿನ ಪೌಡರ್ ಡಬ್ಬಿ ತೆಗೆದು ನನ್ನ ಮುಂದಿಟ್ಟು, "ಇದರಾಗೆ ಏನೇನದೆ ಅಂತ ಬರ್ದವ್ರಾ, ಓದಿ ಹೇಳಿ" ಎಂದರು. ಆ ಪ್ರಶ್ನೆಯನ್ನು ನೀವೂ ಕೇಳಿ, ಅಂಗಡಿಯಲ್ಲಿ, ದುಡ್ಡು ಕೊಡುವ ಮುಂಚೆ.